ಮನೆವಾರ್ತೆಯಲ್ಲಿ ದೇವರಾಜ್ಞೆ

ಹತ್ತು ಆಜ್ಞೆಗಳನ್ನು ಬಾಯಿಪಾಠವಾಗಿ ಬಲ್ಲ ಕ್ರೈಸ್ತ ಕುಟುಂಬಗಳು ನಮ್ಮ ನಾಡಿನಲ್ಲಿ ಸಾವಿರಾರು ಇವೆ. ಮಕ್ಕಳು ಭಾನುವಾರದ ಶಾಲೆಯಲ್ಲಿ ಅವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ದೊಡ್ಡವರು ದೇವಾಲಯದಲ್ಲಿ ಅವನ್ನು ಕೇಳಿ ತಲೆಬಾಗುತ್ತಾರೆ. ಎಷ್ಟೋ ಮನೆಗಳಲ್ಲಿ ಅವು ಚೌಕಟ್ಟಿನೊಳಗೆ ಕುಳಿತು ನಡುಮನೆಯ ಗೋಡೆಯನ್ನು ಅಲಂಕರಿಸುತ್ತವೆ. ಆದರೆ ಆ ಆಜ್ಞೆಗಳು ಗೋಡೆಯಿಂದಿಳಿದು ಅಡಿಗೆಯ ಮನೆಗೂ, ಅಂಗಡಿಯ ಗಲ್ಲಾಪೆಟ್ಟಿಗೆಗೂ, ಹಿತ್ತಿಲಲ್ಲಿ ಪಾತ್ರೆ ಬೆಳಗುವವಳ ಬಳಿಗೂ ಬರುತ್ತವೆಯೋ ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡುವುದಕ್ಕೆ ನಾವೆಲ್ಲರೂ ತುಸು ತಡೆಯುತ್ತೇವೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯು ಒಂದೇ ಮತದವರನ್ನು ನೋಡಿ ಹುಟ್ಟಿದ್ದಲ್ಲ.

ನಾವು ಕೊಲೆ ಮಾಡಿಲ್ಲ, ಕನ್ನ ಹಾಕಿಲ್ಲ, ನ್ಯಾಯಸ್ಥಾನದಲ್ಲಿ ಸುಳ್ಳು ಸಾಕ್ಷಿ ನುಡಿದಿಲ್ಲ. ಆದುದರಿಂದ ದೇವರ ಕಟ್ಟಳೆಯನ್ನು ಬಹುಮಟ್ಟಿಗೆ ನಡಿಸಿದ್ದೇವೆ ಎಂಬ ಸಮಾಧಾನವು ಸಾಮಾನ್ಯವಾದದ್ದು. ಈ ಸಮಾಧಾನವು ಎಷ್ಟು ದೂರ ಸಲ್ಲುತ್ತದೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ನಮ್ಮ ಅಭಿಪ್ರಾಯವಿಷ್ಟು: ದೇವರಾಜ್ಞೆಯು ಮೊದಲು ಪರೀಕ್ಷೆಗೆ ಬರುವುದು ಮಹಾ ಸಂಕಟಗಳಲ್ಲಿ ಅಲ್ಲ, ಮನೆವಾರ್ತೆಯ ಲೆಕ್ಕದ ಪುಸ್ತಕದಲ್ಲಿ. ಅದನ್ನು ನಡಿಸುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಆ ಬೆಲೆಯನ್ನು ಬಡವನೊಬ್ಬನ ಮೇಲೆಯೇ ಹೊರಿಸಿ, ನೀನು ವಿಧೇಯನಾಗಿರು ಎಂದು ಉಪದೇಶಿಸುವವನು ಆಜ್ಞೆಯ ಅರ್ಧವನ್ನು ಮಾತ್ರ ಬಲ್ಲವನು.

ಕಟ್ಟಳೆಯು ಏನನ್ನು ಕುರಿತು ಮಾತಾಡುತ್ತದೆ?

ಸತ್ಯವೇದವನ್ನು ಕೇಳಿ ಬಲ್ಲವರು ಅನೇಕರು. ಮೋಶೆಯ ಧರ್ಮಶಾಸ್ತ್ರವನ್ನು ತಾವೇ ಕುಳಿತು ಓದಿದವರು ಕಡಿಮೆ. ಓದಿದವರಿಗೆ ಒಂದು ಆಶ್ಚರ್ಯವು ಕಾದಿರುತ್ತದೆ. ದೇವರ ವಾಕ್ಯವೆಂದು ಭಯಭಕ್ತಿಯಿಂದ ತೆರೆದ ಆ ಪುಟಗಳಲ್ಲಿ ತಕ್ಕಡಿ, ಬೀಸುವ ಕಲ್ಲು, ಹೊದೆಯುವ ಬಟ್ಟೆ, ಮಾಳಿಗೆ, ಎತ್ತು, ಕತ್ತೆ, ಕೂಲಿಯಾಳು ಇವೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ.

ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವುದರೊಳಗೆ ಕೊಡತಕ್ಕದ್ದು. ಅವನು ಬಡವನಾದುದರಿಂದ ಅದರ ಮೇಲೆಯೇ ಮನಸ್ಸಿಟ್ಟಿರುತ್ತಾನೆಂದು ಕಾರಣವನ್ನೂ ಹೇಳಿದೆ. ಆ ಕೂಲಿಯವನು ಸ್ವದೇಶದವನಾಗಲಿ ಪರದೇಶದವನಾಗಲಿ ಭೇದವಿಲ್ಲ. ಚೀಲದಲ್ಲಿ ಹೆಚ್ಚು ಕಡಿಮೆಯಾದ ಎರಡು ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಕೂಡದು. ಮನೆಯಲ್ಲಿ ಎರಡು ಬಗೆಯ ಸೇರುಗಳೂ ಇರಕೂಡದು. ಸಾಲಕ್ಕೆ ಒತ್ತೆಯಾಗಿ ಬೀಸುವ ಕಲ್ಲನ್ನು ತೆಗೆದುಕೊಳ್ಳಕೂಡದು, ಏಕೆಂದರೆ ಅದನ್ನು ತೆಗೆದುಕೊಂಡವನು ಆ ಮನೆಯವರ ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡಿದ್ದರೆ ಸಾಯಂಕಾಲಕ್ಕೆ ಹಿಂದಿರುಗಿಸಬೇಕು. ಇಲ್ಲವಾದರೆ ಅವನು ರಾತ್ರಿ ಏನನ್ನು ಹೊದೆದು ಮಲಗಿಯಾನು? ಹೊಲವನ್ನು ಕೊಯ್ಯುವಾಗ ಅಂಚಿನ ತನಕ ಕೊಯ್ಯಬಾರದು. ಮರೆತ ಸಿವುಡನ್ನು ತರಲು ಹಿಂದಿರುಗಿ ಹೋಗಬಾರದು. ಅದು ವಿಧವೆಗೂ ಅನಾಥನಿಗೂ ಪರದೇಶಿಗೂ ಸೇರತಕ್ಕದ್ದು. ಮೋವಾಬ್ ದೇಶದ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯುವಂತಾದದ್ದು ಈ ಕಟ್ಟಳೆಯ ಆಧಾರದಿಂದಲೇ.

ಹೊಸ ಮನೆಯನ್ನು ಕಟ್ಟಿದವನು ಮಾಳಿಗೆಯ ಸುತ್ತಲೂ ಗೋಡೆ ಹಾಕಿಸಬೇಕೆಂಬ ಆಜ್ಞೆಯೊಂದುಂಟು. ಯಾರಾದರೂ ಮೇಲಿನಿಂದ ಬಿದ್ದು ಸತ್ತರೆ ಆ ರಕ್ತದ ಅಪರಾಧವು ಮನೆಯವನ ಮೇಲೆ ಬರುತ್ತದೆ. ಕೊಲೆ ಮಾಡಬಾರದೆಂಬ ಆಜ್ಞೆಯು ಇಲ್ಲಿ ಇಟ್ಟಿಗೆ ಗಾರೆಗಳ ರೂಪವನ್ನು ತಾಳಿದೆ. ಮಕ್ಕಳು ಆಡುವ ಬಿಸಿಲುಮಚ್ಚಿಗೆ ಅಡ್ಡಗೋಡೆ ಇಲ್ಲದಿರುವುದು, ತೆರೆದ ಬಾವಿಗೆ ಕಟ್ಟೆ ಇಲ್ಲದಿರುವುದು, ಹಳೆಯ ವಿದ್ಯುತ್ ತಂತಿಯನ್ನು ನಾಳೆ ಸರಿಮಾಡಿಸೋಣವೆಂದು ಬಿಡುವುದು, ಇವನ್ನು ನಾವು ಅಜಾಗರೂಕತೆ ಎನ್ನುತ್ತೇವೆ. ಮೋಶೆಯ ಧರ್ಮಶಾಸ್ತ್ರವು ಅದನ್ನು ನೆರೆಯವನ ಪ್ರಾಣದ ಲೆಕ್ಕಕ್ಕೆ ಬರೆಯುತ್ತದೆ.

ಇಸ್ರಾಯೇಲ್ಯರ ರಾಜ್ಯದ ಕಾನೂನುಗಳೆಲ್ಲವೂ ಅಕ್ಷರಶಃ ಇಂದಿನವರನ್ನು ಬಂಧಿಸುತ್ತವೆಂದು ಕ್ರೈಸ್ತ ಸಭೆಯು ಬೋಧಿಸುವುದಿಲ್ಲ. ಆದರೆ ಆ ಕಾನೂನುಗಳ ಒಳಗಿರುವ ನೀತಿಯು ಹಳೆಯದಾಗಲಿಲ್ಲ. ಯಾಜಕಕಾಂಡದ ೧೯ನೆಯ ಅಧ್ಯಾಯವನ್ನು ತೆರೆದು ನೋಡಿದರೆ ಇದು ಸ್ಪಷ್ಟವಾಗುವುದು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಅರ್ಥದ ಪ್ರಸಿದ್ಧವಾದ ಆಜ್ಞೆಯು ಇರುವುದು ಅಲ್ಲಿಯೇ. ಅದರ ಹಿಂದೆ ಹೊಲದ ಅಂಚು, ಕೂಲಿಯವನ ಸಂಬಳ, ಕಿವುಡನನ್ನೂ ಕುರುಡನನ್ನೂ ಗೋಳಾಡಿಸಬಾರದೆಂಬ ಮಾತು, ಚಾಡಿಯ ನಿಷೇಧ ಇವು ಇವೆ. ಅದರ ಮುಂದೆ ನ್ಯಾಯವಾದ ತಕ್ಕಡಿಯಿದೆ. ಪ್ರೀತಿಯೆಂಬ ದೊಡ್ಡ ಮಾತನ್ನು ದೇವರು ಕೂಲಿಗೂ ತಕ್ಕಡಿಗೂ ನಡುವೆ ಇಟ್ಟಿದ್ದಾನೆ. ಇವುಗಳಿಂದ ಬಿಡಿಸಿ ತೆಗೆದ ಪ್ರೀತಿಯು ಬರಿಯ ಮಾತಾಗಿ ಉಳಿಯುತ್ತದೆ.

ಕ್ರಿಸ್ತನು ಕಟ್ಟಳೆಯನ್ನು ಸಡಿಲಿಸಿದನೇ?

ಕೃಪೆಯು ಬಂದ ಮೇಲೆ ಕಟ್ಟಳೆಯ ಮಾತೇಕೆ ಎಂದು ಕೇಳುವವರುಂಟು. ಪರ್ವತ ಪ್ರಸಂಗವನ್ನು ಓದಿದವರಿಗೆ ಈ ಸಂಶಯ ನಿಲ್ಲದು. ಕರ್ತನು ಅಲ್ಲಿ ಆಜ್ಞೆಯನ್ನು ಸಡಿಲಿಸುವುದಿಲ್ಲ. ಕೈಯಲ್ಲಿದ್ದ ಆಜ್ಞೆಯನ್ನು ಹೃದಯಕ್ಕೆ ಒಯ್ಯುತ್ತಾನೆ. ಕೊಲೆಯ ಬೇರು ಕೋಪದಲ್ಲಿಯೂ ಹಾದರದ ಬೇರು ದೃಷ್ಟಿಯಲ್ಲಿಯೂ ಇದೆಯೆಂದು ತೋರಿಸುತ್ತಾನೆ. ಕಾಣಿಕೆಯನ್ನು ಹಿಡಿದು ಯಜ್ಞವೇದಿಯ ಬಳಿಗೆ ಬಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಒಂದಾಗಿ ಬರಬೇಕೆಂದು ಹೇಳುತ್ತಾನೆ. ಆಸ್ತಿಯ ಪಾಲಿನ ನಿಮಿತ್ತವಾಗಿ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ದೇವಾಲಯದ ಎರಡು ಮೂಲೆಗಳಲ್ಲಿ ಕುಳಿತು ಆರಾಧಿಸುವ ದೃಶ್ಯವು ನಮಗೆ ಹೊಸದಲ್ಲ. ಆ ದಿನದ ಅವರ ಕಾಣಿಕೆಯನ್ನು ಕರ್ತನು ಎಲ್ಲಿ ಬಿಟ್ಟುಬರಹೇಳಿದನೋ ಅಲ್ಲಿಯೇ ಅದು ಇದೆ.

ಮಾರ್ಕನ ಸುವಾರ್ತೆಯ ೭ನೆಯ ಅಧ್ಯಾಯದಲ್ಲಿ ಕೊರ್ಬಾನ್ ಎಂಬ ಪದ್ಧತಿಯ ಪ್ರಸ್ತಾಪವಿದೆ. ತಂದೆತಾಯಿಗಳಿಗೆ ಸಲ್ಲಬೇಕಾದ ಸಹಾಯವನ್ನು ಇದು ದೇವರಿಗೆ ಮುಡಿಪು ಎಂದು ಹೇಳಿಬಿಟ್ಟರೆ, ಮಗನು ಅವರನ್ನು ಪೋಷಿಸುವ ಹೊಣೆಯಿಂದ ತಪ್ಪಿಸಿಕೊಳ್ಳಬಹುದಾಗಿತ್ತು. ಸಂಪ್ರದಾಯದ ನೆವದಿಂದ ದೇವರ ಆಜ್ಞೆಯನ್ನು ನಿರರ್ಥಕ ಮಾಡುತ್ತೀರೆಂದು ಯೇಸುವು ಫರಿಸಾಯರನ್ನು ಗದರಿಸಿದನು. ದೇವರ ಹೆಸರಿನಿಂದಲೇ ದೇವರಾಜ್ಞೆಯನ್ನು ಮೀರುವ ಉಪಾಯವಿದು. ಇದು ಆ ಕಾಲಕ್ಕೇ ಮುಗಿದು ಹೋಗಲಿಲ್ಲ. ದೇವಾಲಯದ ಹೊಸ ಕಟ್ಟಡಕ್ಕೆ ಉದಾರವಾಗಿ ಕೊಟ್ಟು ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡವನ ತಾಯಿಯು ಔಷಧಕ್ಕಾಗಿ ಮಗಳ ಮನೆಯಲ್ಲಿ ಕೈಯೊಡ್ಡುತ್ತಿದ್ದರೆ ಅದು ಇಂದಿನ ಕೊರ್ಬಾನ್. ನಮ್ಮ ದೇಶದಲ್ಲಿ ೨೦೦೭ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಶಾಸನವೊಂದು ಆಯಿತು. ಶಾಸನವು ಮಗನಿಂದ ಹಣವನ್ನು ಕೊಡಿಸಬಲ್ಲದು. ಊಟಕ್ಕೆ ಕುಳಿತಾಗ ತಾಯಿಯ ಮುಖವನ್ನು ನೋಡಿ ಮಾತಾಡುವ ಸನ್ಮಾನವನ್ನು ಕೊಡಿಸಲಾರದು. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯು ಶಾಸನವು ನಿಲ್ಲುವಲ್ಲಿಂದ ಮುಂದಕ್ಕೆ ಹೋಗುತ್ತದೆ.

ಜಕ್ಕಾಯನ ಕಥೆಯನ್ನು ಮಕ್ಕಳೂ ಬಲ್ಲರು. ಕುಳ್ಳನಾದ ಆ ಸುಂಕದ ಅಧಿಕಾರಿಯು ಮರ ಹತ್ತಿದ ಸಂಗತಿಯನ್ನು ನಾವು ಹೆಚ್ಚು ನೆನಪಿಡುತ್ತೇವೆ. ಮರದಿಂದಿಳಿದ ಮೇಲೆ ಆತನು ಮಾಡಿದ ಲೆಕ್ಕವನ್ನು ಮರೆಯುತ್ತೇವೆ. ಆಸ್ತಿಯಲ್ಲಿ ಅರ್ಧವು ಬಡವರಿಗೆ. ಅನ್ಯಾಯವಾಗಿ ಕಸಿದದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ. ಕುರಿಯನ್ನು ಕದ್ದು ಕೊಂದವನು ಅಥವಾ ಮಾರಿದವನು ನಾಲ್ಕು ಕುರಿಗಳನ್ನು ಕೊಡಬೇಕೆಂದು ವಿಮೋಚನಕಾಂಡದಲ್ಲಿ ವಿಧಿಸಿತ್ತು. ಜಕ್ಕಾಯನು ತನ್ನನ್ನು ತಾನೇ ಕುರಿಗಳ್ಳನ ಸಾಲಿನಲ್ಲಿ ನಿಲ್ಲಿಸಿಕೊಂಡನು. ಈ ಲೆಕ್ಕವನ್ನು ಕೇಳಿದ ಮೇಲೆಯೇ ಯೇಸುವು ಈ ಮನೆಗೆ ಈ ದಿನ ರಕ್ಷಣೆಯಾಯಿತೆಂಬ ಅರ್ಥದ ಮಾತನ್ನು ನುಡಿದನು. ಪಶ್ಚಾತ್ತಾಪವು ಅಂಕಿಗಳಲ್ಲಿ ಬರೆಯುವಂಥ ಸಂಗತಿಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಸಕ್ಕರೆಯ ಬಟ್ಟಲು

ಆಜ್ಞೆಯು ಮನೆವಾರ್ತೆಗೆ ಬಂದು ಸೇರಿದರೆ ಏನಾಗಬಲ್ಲದೆಂಬುದಕ್ಕೆ ಚರಿತ್ರೆಯಿಂದ ಒಂದೆರಡು ದೃಷ್ಟಾಂತಗಳನ್ನು ಹೇಳುತ್ತೇವೆ.

ಜಾನ್ ವುಲ್ಮನ್ ಎಂಬಾತನು ೧೭೨೦ರಲ್ಲಿ ಅಮೆರಿಕದ ನ್ಯೂಜೆರ್ಸಿ ಸೀಮೆಯಲ್ಲಿ ಹುಟ್ಟಿದನು, ಕ್ವೇಕರ್ ಪಂಥದವನು. ಯೌವನದಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ಯಜಮಾನನು ಒಬ್ಬ ನೀಗ್ರೋ ಗುಲಾಮ ಹೆಂಗಸನ್ನು ಮಾರಿ ಅದರ ಕ್ರಯಪತ್ರವನ್ನು ಬರೆಯಲು ಇವನಿಗೆ ಹೇಳಿದನು. ವುಲ್ಮನ್ ಬರೆದುಕೊಟ್ಟನು, ಆದರೆ ಅವನ ಮನಸ್ಸು ಕುದಿಯಿತು. ಮುಂದೆ ಅಂಥ ಬರೆಹಕ್ಕೆ ಕೇಳಿಬಂದವರನ್ನು ಸೌಮ್ಯವಾಗಿ ಹಿಂದಕ್ಕೆ ಕಳುಹಿಸಿದನು. ಅದರಿಂದ ಬರಬಹುದಾದ ಲಾಭವನ್ನು ಬಿಟ್ಟನು. ಮರಣಶಾಸನದಲ್ಲಿ ಗುಲಾಮರನ್ನು ಮಕ್ಕಳಿಗೆ ಬರೆದುಕೊಡಬೇಕೆಂದವರಿಗೂ ಇದೇ ಉತ್ತರ. ಗುಲಾಮರನ್ನಿಟ್ಟುಕೊಂಡವರ ಮನೆಯಲ್ಲಿ ಅತಿಥಿಯಾಗಿ ಉಳಿದಾಗ, ತನ್ನ ಸೇವೆ ಮಾಡಿದ ಗುಲಾಮರಿಗೆ ಕೂಲಿ ಸಲ್ಲಲೆಂದು ಹಣವನ್ನು ಕೊಟ್ಟುಹೋಗುತ್ತಿದ್ದನು. ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನು ತಿನ್ನುವುದನ್ನು ಬಿಟ್ಟನು. ಸ್ವಂತ ಅಂಗಡಿಯ ವ್ಯಾಪಾರವು ಬೆಳೆದು ಮನಸ್ಸನ್ನು ತುಂಬಿಕೊಳ್ಳತೊಡಗಿದಾಗ ಅದನ್ನು ಕಡಿಮೆ ಮಾಡಿ ಹೊಲಿಗೆಯ ಕೆಲಸದಿಂದ ಜೀವನ ನಡಿಸಿದನು. ಊರೂರು ತಿರುಗಿ ತನ್ನ ಪಂಥದವರೊಡನೆ ಏಕಾಂತದಲ್ಲಿ ಮಾತಾಡಿದನು. ಆತನು ೧೭೭೨ರಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸಿಡುಬಿನಿಂದ ಸತ್ತನು. ೧೭೭೬ರಲ್ಲಿ ಫಿಲಡೆಲ್ಫಿಯದ ಕ್ವೇಕರ್ ಸಭೆಯು ಗುಲಾಮರನ್ನು ಇಟ್ಟುಕೊಳ್ಳುವ ಸದಸ್ಯರನ್ನು ಸಭೆಯಿಂದ ಹೊರಗಿಡುವ ನಿರ್ಣಯಕ್ಕೆ ಬಂದಿತು. ವುಲ್ಮನ್ ಒಬ್ಬನಿಂದಲೇ ಇದಾಯಿತೆಂದು ಹೇಳಲಾಗದು. ಆದರೆ ಒಂದು ಕ್ರಯಪತ್ರವನ್ನು ಬರೆಯಲೊಲ್ಲದ ಲೇಖನಿಯು ಇದರಲ್ಲಿ ಸೇರಿತ್ತು.

ಎರಡನೆಯ ದೃಷ್ಟಾಂತವು ಇಂಗ್ಲೆಂಡಿನ ಗೃಹಿಣಿಯರದು. ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ವಿಲ್ಬರ್‌ಫೋರ್ಸರು ತಂದ ಮಸೂದೆಯನ್ನು ೧೭೯೧ರಲ್ಲಿ ಪಾರ್ಲಿಮೆಂಟು ತಿರಸ್ಕರಿಸಿತು. ಆಗ ಹೆಂಗಸರಿಗೆ ಮತಾಧಿಕಾರವಿರಲಿಲ್ಲ; ಗಂಡಸರಲ್ಲಿಯೂ ಬಹು ಮಂದಿಗೆ ಇರಲಿಲ್ಲ. ಆದರೆ ಮನೆಯ ಸಾಮಾನಿನ ಪಟ್ಟಿಯು ಗೃಹಿಣಿಯ ಕೈಯಲ್ಲಿತ್ತು. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯನ್ನು ಕೊಳ್ಳುವುದಿಲ್ಲವೆಂದು ಸಾವಿರಾರು ಕುಟುಂಬಗಳು ನಿಶ್ಚಯಿಸಿದುವು. ಸಕ್ಕರೆಯನ್ನು ಬಿಟ್ಟವರು ಸುಮಾರು ಮೂರು ಲಕ್ಷ ಮಂದಿ ಇದ್ದರೆಂದು ಆ ಚಳುವಳಿಯ ಮುಂದಾಳಾದ ಥಾಮಸ್ ಕ್ಲಾರ್ಕ್‌ಸನ್ನರು ಅಂದಾಜು ಮಾಡಿದರು. ಚಹಕ್ಕೆ ಸಕ್ಕರೆ ಇಲ್ಲವೇಕೆಂದು ಕೇಳಿದ ಮಗುವಿಗೆ ತಾಯಿಯು ಉತ್ತರ ಹೇಳಬೇಕಾಯಿತು. ಆ ಉತ್ತರವು ಮಗುವಿಗೆ ಕಳಬೇಡವೆಂಬ ಆಜ್ಞೆಯ ಹೊಸ ವ್ಯಾಖ್ಯಾನವಾಗಿರಬೇಕು. ವ್ಯಾಪಾರವು ೧೮೦೭ರಲ್ಲಿ ಕಾನೂನಿನಿಂದ ನಿಂತಿತು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ತೆಗೆದುಹಾಕುವ ಶಾಸನವು ೧೮೩೩ರಲ್ಲಿ ಆಯಿತು. ಇದಕ್ಕೆ ಗುಲಾಮರು ತಾವೇ ಪ್ರಾಣವನ್ನು ಒಡ್ಡಿ ನಡಿಸಿದ ಹೋರಾಟಗಳು ಬಹು ಮುಖ್ಯವಾದ ಕಾರಣ. ಆದರೂ ಸಕ್ಕರೆಯ ಬಟ್ಟಲನ್ನು ಮಗುಚಿಟ್ಟ ಮನೆಗಳು ತಮ್ಮ ಪಾಲಿನ ವಿಧೇಯತೆಯನ್ನು ಪಾರ್ಲಿಮೆಂಟಿಗಾಗಿ ಕಾಯಿಸಲಿಲ್ಲ.

ಹೊರೆಯನ್ನು ಹೊರಿಸಿದವರು ಹೆಗಲನ್ನೂ ಕೊಡಬೇಕು

ಈಗ ನಮ್ಮ ಕರಾವಳಿಗೆ ಬರೋಣ. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಅವರಲ್ಲಿ ೧೮೪೩ರಲ್ಲಿ ಮಂಗಳೂರ ಸಮಾಚಾರ ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗರನ್ನೂ, ೧೮೯೪ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲರನ್ನೂ ಕನ್ನಡಿಗರು ಕೃತಜ್ಞತೆಯಿಂದ ನೆನೆಯುತ್ತಾರೆ. ನಾವಿಲ್ಲಿ ಹೇಳಬೇಕೆಂದಿರುವುದು ಹೆಚ್ಚು ಜನರು ಗಮನಿಸದ ಒಂದು ಸಂಗತಿಯನ್ನು.

ತುಳುನಾಡಿನಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ. ಅವರಲ್ಲಿ ಅನೇಕರಿಗೆ ತೆಂಗು ತಾಳೆಗಳಿಂದ ಕಳ್ಳು ಇಳಿಸುವ ಮೂರ್ತೆಯ ಕೆಲಸವೇ ಜೀವನೋಪಾಯವಾಗಿತ್ತು. ಕುಡಿತದಿಂದ ಮನೆಗಳು ಹಾಳಾಗುತ್ತವೆಂಬ ಕಾರಣದಿಂದ ಆ ಕಸುಬು ಕ್ರೈಸ್ತ ನಡತೆಗೆ ಒಪ್ಪುವುದಿಲ್ಲವೆಂದು ಮಿಶನಿನವರು ಎಣಿಸಿದರು. ಬೇರೆ ಬೇರೆ ಜಾತಿಗಳಿಂದ ಬಂದವರಿಗೆ ಕುಲದ ಕೂಟವೂ, ಎಷ್ಟೋ ವೇಳೆ ಒಕ್ಕಲಿನ ನೆಲವೂ ತಪ್ಪಿತು. ಮತಾಂತರದೊಡನೆ ಮನೆ, ನೆಂಟರು, ಅನ್ನ ಇವು ಒಮ್ಮೆಗೇ ಕೈಬಿಡುತ್ತಿದ್ದುವು. ಒಬ್ಬನ ಕಸುಬನ್ನು ಬಿಡಿಸಿ, ಇನ್ನು ಪ್ರಾರ್ಥಿಸು ಎಂದು ಹೇಳಿ ಸುಮ್ಮನಿದ್ದರೆ ಅದು ಧರ್ಮವಾಗುತ್ತಿತ್ತೇ? ಜನರ ಹೆಗಲ ಮೇಲೆ ಭಾರವಾದ ಹೊರೆಗಳನ್ನು ಕಟ್ಟಿ, ತಾವು ಬೆರಳಿನಿಂದಲೂ ಅವನ್ನು ಮುಟ್ಟದವರನ್ನು ಕುರಿತು ಕರ್ತನು ಆಡಿದ ಕಠಿನವಾದ ಮಾತು ಮತ್ತಾಯನ ಸುವಾರ್ತೆಯ ೨೩ನೆಯ ಅಧ್ಯಾಯದಲ್ಲಿದೆ.

ಆದುದರಿಂದ ಮಿಶನಿನವರು ಕೆಲಸಗಳನ್ನು ಹುಡುಕಿದರು. ಕೆಲವು ಪ್ರಯತ್ನಗಳು ಕೆಟ್ಟುಹೋದುವು, ಕೆಲವು ನಿಂತುವು. ಅಚ್ಚುಕೂಟದಲ್ಲಿಯೂ ಪುಸ್ತಕ ಕಟ್ಟುವುದರಲ್ಲಿಯೂ ಕೆಲವರಿಗೆ ಕೆಲಸ ಸಿಕ್ಕಿತು. ೧೮೫೧ರಲ್ಲಿ ಬಂದ ಹಾಲರ್ ಎಂಬ ನೆಯ್ಗೆ ಬಲ್ಲ ಕುಶಲಿಯು ಮಗ್ಗಗಳನ್ನು ನಿಲ್ಲಿಸಿದನು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿಯ ದಂಡೆಯ ಜೇಡಿಯಿಂದ ಅಚ್ಚೊತ್ತಿ ಸುಟ್ಟ ಆ ಕೆಂಪು ಹಂಚು ಮಳೆಯ ಹೊಡೆತಕ್ಕೆ ಜಗ್ಗದು. ಹುಲ್ಲಿನ ಮಾಡಿನಂತೆ ವರ್ಷ ವರ್ಷವೂ ಹೊದಿಸಬೇಕಾಗಿಲ್ಲ. ಬೆಂಕಿಯ ಭಯವೂ ಕಡಿಮೆ. ಮಂಗಳೂರು ಹಂಚೆಂಬ ಹೆಸರಿನಿಂದ ಅದು ದೇಶದ ನಾನಾ ಕಡೆಗಳಿಗೂ ಸಮುದ್ರದಾಚೆಗೂ ಹೋಯಿತು. ಇಂದು ಹಳೆಯ ಮನೆಯ ಮಾಡನ್ನು ನೋಡಿ ಹಂಚಿನ ಅಂದವನ್ನು ಹೊಗಳುವವರು, ಕಸುಬನ್ನು ಬಿಟ್ಟವನಿಗೆ ಬೇರೆ ಕಸುಬನ್ನು ಕೊಡಬೇಕೆಂಬ ಹೊಣೆಯೂ ಅದರ ಹುಟ್ಟಿನಲ್ಲಿ ಸೇರಿದೆಯೆಂಬುದನ್ನು ನೆನೆಯಲಿ.

ಮಿಶನಿನವರು ಮಾಡಿದ್ದೆಲ್ಲವೂ ಸರಿಯೆಂದು ನಮ್ಮ ವಾದವಲ್ಲ. ತಮ್ಮ ದೇಶದ ರೀತಿನೀತಿಗಳನ್ನೂ ದೇವರ ಆಜ್ಞೆಯನ್ನೂ ಅವರು ಕೆಲವು ವೇಳೆ ಬೆರಸಿಬಿಟ್ಟರು. ಕೂಲಿ ಕೊಡುವವರೂ ಗುರುಗಳೂ ಒಂದೇ ಸಂಸ್ಥೆಯವರಾದಾಗ ಬಡವನ ಸ್ವಾತಂತ್ರ್ಯಕ್ಕೆ ಕುಂದು ಬರುವುದೂ ಸಹಜ. ಮೂರ್ತೆಯ ಕಸುಬನ್ನು ಕುರಿತು ಇಂದು ಬೇರೆ ಅಭಿಪ್ರಾಯವುಳ್ಳವರು ಇರಬಹುದು. ಆ ಕಸುಬಿನವರ ಶ್ರಮವೂ ಮರ್ಯಾದೆಯೂ ಯಾರಿಗೂ ಕಡಿಮೆಯಲ್ಲ. ಆದರೆ ಒಂದು ತತ್ತ್ವವು ಉಳಿಯುತ್ತದೆ: ಇದು ತಪ್ಪು, ಬಿಟ್ಟುಬಿಡು ಎಂದು ಇನ್ನೊಬ್ಬನಿಗೆ ಹೇಳುವವನು ಅವನ ಮರುದಿನದ ಗಂಜಿಯನ್ನು ಕುರಿತೂ ಯೋಚಿಸಬೇಕು. ಬಡ್ಡಿಯ ಸಾಲದಲ್ಲಿ ಮುಳುಗಿದವನಿಗೆ ಸತ್ಯವಂತನಾಗಿರೆಂದು ಬೋಧಿಸುವ ಸಭೆಯಲ್ಲಿ ಕಷ್ಟಕಾಲದ ಕೈಸಾಲಕ್ಕೆ ಒಂದು ನಿಧಿಯಿದೆಯೇ? ಲಂಚವನ್ನು ಒಲ್ಲೆನೆಂದು ವರ್ಗವಾಗಿ ದೂರದ ಊರಿಗೆ ಹೋದ ನೌಕರನ ಕುಟುಂಬವನ್ನು ವಿಚಾರಿಸಿದವರುಂಟೇ? ಇಲ್ಲವಾದರೆ ನಮ್ಮ ಉಪದೇಶವು ಬೆರಳಿನಿಂದಲೂ ಹೊರೆಯನ್ನು ಮುಟ್ಟದವರ ಉಪದೇಶವಾಯಿತು.

ಇಂದಿನ ಮನೆಯಲ್ಲಿ

ಇನ್ನು ನಮ್ಮ ನಮ್ಮ ಹೊಸ್ತಿಲನ್ನು ದಾಟಿ ಒಳಗೆ ನೋಡೋಣ.

ಮೊದಲನೆಯದು ಕೂಲಿಯೂ ವಿಶ್ರಾಂತಿಯೂ. ಸಬ್ಬತ್ತಿನ ಆಜ್ಞೆಯನ್ನು ನಾವು ದೇವಾಲಯಕ್ಕೆ ಹೋಗುವ ಆಜ್ಞೆಯೆಂದು ತಿಳಿಯುತ್ತೇವೆ. ಅದರ ಒಕ್ಕಣೆಯಲ್ಲಿ ದಾಸದಾಸಿಯರೂ ಎತ್ತು ಕತ್ತೆಗಳೂ ಊರಿನಲ್ಲಿರುವ ಪರದೇಶಿಯೂ ವಿಶ್ರಾಂತಿ ಪಡೆಯಬೇಕೆಂದಿದೆ; ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರೆಂಬುದು ಅದಕ್ಕೆ ಧರ್ಮೋಪದೇಶಕಾಂಡವು ಕೊಡುವ ಕಾರಣ. ಭಾನುವಾರ ಕುಟುಂಬವೆಲ್ಲವೂ ಆರಾಧನೆಗೆ ಹೋಗಿ ಬರುವಷ್ಟರಲ್ಲಿ ಹಬ್ಬದಡಿಗೆ ಸಿದ್ಧವಾಗಿರಬೇಕೆಂದು ಕೆಲಸದವಳನ್ನು ಬೆಳಗಿನಿಂದ ದುಡಿಸಿದರೆ ಆ ದಿನ ಸಬ್ಬತ್ತನ್ನು ಆಚರಿಸಿದವರು ಯಾರು? ಕರ್ನಾಟಕ ಸರ್ಕಾರವು ೨೦೦೪ರಲ್ಲಿಯೇ ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತು. ಕ್ರೈಸ್ತ ಮನೆಯು ಸರ್ಕಾರದ ಕನಿಷ್ಠದಲ್ಲಿ ನಿಲ್ಲತಕ್ಕದ್ದಲ್ಲ. ತಿಂಗಳ ಸಂಬಳವು ಗೊತ್ತಾದ ದಿನ ಕೇಳದೆಯೇ ಕೈಸೇರಬೇಕು; ವಾರಕ್ಕೊಂದು ಬಿಡುವಿರಬೇಕು; ಜ್ವರ ಬಂದ ದಿನದ ಸಂಬಳವನ್ನು ಹಿಡಿಯಬಾರದು. ತಡೆಹಿಡಿದ ಕೂಲಿಯು ತಾನೇ ಕೂಗುತ್ತದೆಂದು ಯಾಕೋಬನ ಪತ್ರಿಕೆಯು ಎಚ್ಚರಿಸುತ್ತದೆ. ಮನೆಯಲ್ಲಿಯೇ ಸಂಬಳವಿಲ್ಲದೆ ದುಡಿಯುವ ತಾಯಿಗೂ ಹೆಂಡತಿಗೂ ಆ ವಿಶ್ರಾಂತಿಯು ಸಲ್ಲತಕ್ಕದ್ದೆಂಬುದನ್ನು ಗಂಡಸರು ಗಮನಿಸಲಿ.

ಎರಡನೆಯದು ನಾಲಿಗೆ. ಸುಳ್ಳು ಸಾಕ್ಷಿಯು ಹಿಂದೆ ಚಾವಡಿಯಲ್ಲಿ ನಿಂತು ಹೇಳುವ ಮಾತಾಗಿತ್ತು. ಇಂದು ಪ್ರತಿಯೊಬ್ಬನ ಕೈಯಲ್ಲಿರುವ ಮೊಬೈಲ್ ಫೋನೇ ಚಾವಡಿ. ನೆರೆಯವನನ್ನು ಕುರಿತೋ ಅನ್ಯಮತದವರನ್ನು ಕುರಿತೋ ಯಾರೋ ಕಳುಹಿಸಿದ ಸುದ್ದಿಯನ್ನು, ನಿಜವೋ ಅಲ್ಲವೋ ಎಂದು ವಿಚಾರಿಸದೆ ಹತ್ತು ಮಂದಿಗೆ ದಾಟಿಸಿದವನು, ಹತ್ತು ನ್ಯಾಯಸ್ಥಾನಗಳಲ್ಲಿ ಸಾಕ್ಷಿ ಹೇಳಿದ ಹಾಗೆ. ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ ಎಂಬುದು ಉತ್ತರವಲ್ಲ. ಚಾಡಿಕೋರನೂ ಅದನ್ನೇ ಹೇಳುತ್ತಾನೆ. ೨೦೧೮ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪುಗಳು ನಮ್ಮ ದೇಶದ ಹಲವು ಕಡೆಗಳಲ್ಲಿ ನಿರಪರಾಧಿಗಳನ್ನು ಹೊಡೆದು ಕೊಂದುವು. ಕರ್ನಾಟಕದ ಬೀದರ ಜಿಲ್ಲೆಯಲ್ಲಿಯೂ ಒಬ್ಬ ಯುವಕನು ಹಾಗೆ ಸತ್ತನು. ಸುಳ್ಳು ಸಾಕ್ಷಿಯ ಆಜ್ಞೆಯೂ ಕೊಲೆಯ ಆಜ್ಞೆಯೂ ಒಂದೇ ಬೆರಳ ತುದಿಯಲ್ಲಿ ಮುರಿದುಬೀಳಬಲ್ಲುವು.

ಮೂರನೆಯದು ಮದುವೆ. ೧೯೬೧ರ ಶಾಸನವು ವರದಕ್ಷಿಣೆಯನ್ನು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ನಿಷೇಧಿಸಿದೆ. ಆದರೂ ಕ್ರೈಸ್ತ ಮನೆಗಳಲ್ಲಿಯೂ ಬೇರೆ ಹೆಸರುಗಳಿಂದ ಅದು ನಡೆಯುತ್ತಿರುವುದನ್ನು ಬಲ್ಲವರು ಬಲ್ಲರು. ಮಗನ ಓದಿನ ಖರ್ಚು, ಹುಡುಗಿಯ ಸಂತೋಷಕ್ಕಾಗಿ ಕೊಡುವ ಉಡುಗೊರೆ, ನಾವು ಏನನ್ನೂ ಕೇಳುವುದಿಲ್ಲ, ನಿಮ್ಮ ಮರ್ಯಾದೆಗೆ ತಕ್ಕಂತೆ ಮಾಡಿರಿ ಎಂಬ ನಯವಾದ ಮಾತು, ಎಲ್ಲವೂ ನೆರೆಯವನ ಸೊತ್ತನ್ನು ಆಶಿಸಬಾರದೆಂಬ ಆಜ್ಞೆಯ ಮುಂದೆ ಒಂದೇ. ಹೆಣ್ಣುಮಗಳ ತಂದೆಯು ನೆಲವನ್ನು ಅಡವಿಟ್ಟು ತಂದ ಹಣವು ಬೀಸುವ ಕಲ್ಲಿನ ಒತ್ತೆಗಿಂತ ಹೇಗೆ ಬೇರೆಯಾದೀತು?

ನಾಲ್ಕನೆಯದು ಜಾತಿ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯಾಂಗದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಹಾಗಿದ್ದರೂ ದಕ್ಷಿಣ ಭಾರತದ ಕೆಲವು ಕಡೆಗಳಲ್ಲಿ ದೇವಾಲಯದೊಳಗೆ ಬೇರೆ ಸಾಲು, ಸಮಾಧಿಭೂಮಿಯಲ್ಲಿ ಬೇರೆ ಗೋಡೆ ಎಂಬ ದೂರುಗಳು ಬಹಿರಂಗವಾಗಿ ಕೇಳಿಬಂದಿವೆ. ಒಂದೇ ರೊಟ್ಟಿಯಲ್ಲಿ ಪಾಲುಗೊಂಡವರನ್ನು ಮಣ್ಣಿನಲ್ಲಿ ಬೇರೆಮಾಡುವ ಗೋಡೆಗೆ ಸತ್ಯವೇದದಲ್ಲಿ ಯಾವ ಆಧಾರವೂ ಇಲ್ಲ. ನಮ್ಮ ಮನೆಗಳಲ್ಲಿ ಕೆಲಸದವರಿಗೆ ಬೇರೆ ಇಟ್ಟಿರುವ ಲೋಟವೂ ಆ ಗೋಡೆಯದೇ ಒಂದು ಕಲ್ಲು.

ನಡೆಯಬಹುದಾದ ದಾರಿಯೇ?

ಈ ಕಾಲದಲ್ಲಿ ಇಷ್ಟು ನಿಷ್ಠುರವಾಗಿ ನಡೆದರೆ ಬಾಳುವುದು ಹೇಗೆ ಎಂದು ವ್ಯಾಪಾರಿಯೂ ನೌಕರನೂ ಕೇಳುತ್ತಾರೆ. ಪ್ರಶ್ನೆಯು ಹಗುರವಾದುದಲ್ಲ. ತೂಕ ಸರಿಯಾಗಿಟ್ಟವನ ಲಾಭವು ನೆರೆಯ ಅಂಗಡಿಯವನ ಲಾಭಕ್ಕಿಂತ ಕಡಿಮೆಯಾಗಬಹುದು. ಲಂಚ ಕೊಡದವನ ಕಾಗದವು ಮೇಜಿನ ಮೇಲೆಯೇ ಉಳಿಯಬಹುದು. ವಿಧೇಯತೆಗೆ ಪ್ರತಿಫಲವಾಗಿ ಐಶ್ವರ್ಯವು ಬರುತ್ತದೆಂದು ನಾವು ಹೇಳಲಾರೆವು. ಶಿಲುಬೆಯನ್ನು ಹೊತ್ತವನ ಶಿಷ್ಯರಿಗೆ ಅಂಥ ವಾಗ್ದಾನವಿಲ್ಲ. ಆದರೆ ಭಾರವನ್ನು ಒಬ್ಬನೇ ಹೊರುವುದಕ್ಕೂ ಹತ್ತು ಮಂದಿ ಕೂಡಿ ಹೊರುವುದಕ್ಕೂ ಬಹಳ ಭೇದವಿದೆ. ವರದಕ್ಷಿಣೆಯನ್ನು ಒಂದು ಮನೆ ನಿರಾಕರಿಸಿದರೆ ಊರವರು ನಗುತ್ತಾರೆ. ಸಭೆಯ ಐವತ್ತು ಮನೆಗಳು ಕೂಡಿ ನಿರಾಕರಿಸಿದರೆ ಅದೇ ಊರ ವಾಡಿಕೆಯಾಗುತ್ತದೆ.

ಇನ್ನೊಂದು ಮಾತು. ಆಜ್ಞೆಗಳನ್ನು ನಡಿಸಿ ದೇವರ ಪ್ರೀತಿಯನ್ನು ಗಳಿಸಬೇಕೆಂಬುದು ಕ್ರೈಸ್ತ ಬೋಧನೆಯಲ್ಲ. ವಿಮೋಚನಕಾಂಡದ ಕ್ರಮವನ್ನು ನೋಡಿರಿ: ದೇವರು ಮೊದಲು ದಾಸರನ್ನು ಐಗುಪ್ತದಿಂದ ಬಿಡಿಸಿದನು, ಸೀನಾಯಿ ಬೆಟ್ಟದಲ್ಲಿ ಆಜ್ಞೆಗಳನ್ನು ಕೊಟ್ಟದ್ದು ಅದರ ತರುವಾಯ. ಜಕ್ಕಾಯನ ಮನೆಗೆ ಯೇಸುವು ಅತಿಥಿಯಾಗಿ ಬಂದದ್ದು ಮೊದಲು. ನಾಲ್ಕರಷ್ಟು ಲೆಕ್ಕವು ಆಮೇಲೆ. ಬಿಡುಗಡೆ ಹೊಂದಿದವನು ಇನ್ನೊಬ್ಬನನ್ನು ಬಂಧಿಸದೆ ಬಾಳುವ ರೀತಿಯೇ ದೇವರ ಕಟ್ಟಳೆ. ಆದುದರಿಂದ ಅದು ಭಯದಿಂದ ಹೊರುವ ನೊಗವಲ್ಲ, ಕೃತಜ್ಞತೆಯಿಂದ ಹಿಡಿಯುವ ದಾರಿ.

ಶನಿವಾರದ ರಾತ್ರಿ ಊಟವಾದ ಮೇಲೆ, ಭಾನುವಾರದ ಉಡುಪುಗಳನ್ನು ಮಡಿಸಿಡುವ ಹೊತ್ತಿಗೆ, ಮನೆಯ ಯಜಮಾನನೂ ಯಜಮಾನಿಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಈ ವಾರ ನಮ್ಮಿಂದ ಯಾರಿಗಾದರೂ ಸಲ್ಲಬೇಕಾದ ಹಣವು ನಮ್ಮ ಪೆಟ್ಟಿಗೆಯಲ್ಲಿ ಉಳಿದಿದೆಯೇ? ಯಾರ ಹೆಸರಾದರೂ ನಮ್ಮ ನಾಲಿಗೆಯಿಂದ ಕೆಟ್ಟಿದೆಯೇ? ಯಾರೊಡನೆಯಾದರೂ ಮಾತು ನಿಂತಿದೆಯೇ? ಉತ್ತರವು ಹೌದೆಂದಾದರೆ ದೇವಾಲಯದ ಗಂಟೆ ಬಾರಿಸುವುದಕ್ಕೆ ಇನ್ನೂ ಒಂದು ರಾತ್ರಿಯ ವ್ಯವಧಾನವಿದೆ. ಬಾಕಿಯ ಹಣವನ್ನು ಎಣಿಸಿ ಕಾಗದದಲ್ಲಿ ಸುತ್ತಿಡಬಹುದು. ಅಣ್ಣನ ಮನೆಯ ಬಾಗಿಲನ್ನು ತಟ್ಟಬಹುದು.